ಕೊನೆ ಗದ್ದೆಯ ಕಂಪ್ಯೂಟರ್

ನಮ್ಮ ತಾತನ ಗದ್ದೆ ಇದ್ದದ್ದು ಮಳವಳ್ಳಿ ತಾಲ್ಲೂಕಿನಲ್ಲಿ, ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೊನೆ ಭಾಗದಲ್ಲಿ. ಕೊನೆ ಭಾಗ ಅಂದರೆ ಏನು ಅಂತ ಮಂಡ್ಯ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕನ್ನಂಬಾಡಿಯಿಂದ ನಾಲೆಗೆ ನೀರು ಬಿಟ್ಟರು ಅಂತ ಪೇಪರಿನಲ್ಲಿ ಬಂದ ವಾರ ಪಾಂಡವಪುರದ ಕಡೆ ಗದ್ದೆಗಳಲ್ಲಿ ನೀರು ನಿಂತಿರುತ್ತಿತ್ತು. ನಮ್ಮೂರಿನ ತೂಬಿನ ಬಾಯಲ್ಲಿ ಒಣಗಿದ ಜೊಂಡು. ತಾತ ಬೆಳಿಗ್ಗೆ ಎದ್ದು ತೂಬಿನ ತನಕ ನಡೆದುಹೋಗಿ, ನೋಡಿ, ವಾಪಸ್ ಬರುತ್ತಿದ್ದರು. ಯಾರನ್ನು ಕೇಳಿದರೂ ಒಂದೇ ಉತ್ತರ. "ನೀರು ಬಿಟ್ಟಾಗದೆ." ಆ ಮಾತು ಸುಳ್ಳಲ್ಲ. ಬಿಟ್ಟಿದ್ದರು. ನಮ್ಮ ತನಕ ಬಂದಿರಲಿಲ್ಲ.

ಈ ಮಾತು ಎಷ್ಟೋ ವರ್ಷದ ಮೇಲೆ ನೆನಪಾದದ್ದು ಮೈಸೂರಿನ ಕುವೆಂಪುನಗರದ ಮನೆಯಲ್ಲಿ, ರಾತ್ರಿ ಹನ್ನೊಂದು ಗಂಟೆಗೆ, ಲ್ಯಾಪ್‌ಟಾಪ್ ಮುಂದೆ ಕೂತಿದ್ದಾಗ.

ಹಗಲು ನಾನು ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ರಾತ್ರಿ ಊಟ ಆದಮೇಲೆ ಎರಡು ಗಂಟೆ ಒಂದು ಓಪನ್ ಸೋರ್ಸ್ ಡಿಪೆಂಡೆನ್ಸಿ ಮ್ಯಾನೇಜರ್‌ಗೆ ಕೊಡುತ್ತೇನೆ. ಹಾಗಂದರೆ ಏನು ಅಂತ ಮನೆಯಲ್ಲಿ ಕೇಳಿದಾಗ ನಾನು ಮದುವೆ ಮನೆ ಅಡುಗೆಯವರ ಚೀಟಿ ತೋರಿಸುತ್ತೇನೆ. ಅಡುಗೆಯವರು ಸಾಮಾನಿನ ಪಟ್ಟಿ ಬರೆದುಕೊಡುತ್ತಾರೆ, ಅಲ್ವಾ? ಯಾರೋ ಒಬ್ಬರು ಅಂಗಡಿಗೆ ಹೋಗಿ ಎಲ್ಲ ತರಬೇಕು. ಸಾಫ್ಟ್‌ವೇರ್‌ನಲ್ಲಿ ಆ ಪಟ್ಟಿಯ ಒಂದೊಂದು ಸಾಮಾನಿಗೂ ಮತ್ತೆ ಅದರದೇ ಪಟ್ಟಿ ಇರುತ್ತದೆ. ಈ ಸಾಮಾನಿಗೆ ಲೈಬ್ರರಿ ಅನ್ನುತ್ತಾರೆ, ಬೇರೆಯವರು ಬರೆದಿಟ್ಟ ಕೋಡಿನ ಕಟ್ಟು. ಹತ್ತು ಲೈಬ್ರರಿ ಬೇಕು ಅಂತ ಬರೆದರೆ ನಾನೂರು ಬಂದು ಬೀಳುತ್ತವೆ. ಯಾವುದರ ಜೊತೆ ಯಾವ ಆವೃತ್ತಿ ಹೊಂದುತ್ತದೆ ಅಂತ ಲೆಕ್ಕ ಹಾಕಿ, ತಂದು, ಜಾಗಕ್ಕೆ ಇಡುವುದು ಈ ಮ್ಯಾನೇಜರ್ ಕೆಲಸ. ಜಾವಾಸ್ಕ್ರಿಪ್ಟ್‌ಗೆ ಎನ್‌ಪಿಎಂ, ಪೈಥಾನ್‌ಗೆ ಪಿಪ್, ರಸ್ಟ್‌ಗೆ ಕಾರ್ಗೋ, ರೂಬಿಗೆ ಬಂಡ್ಲರ್. ನಮ್ಮದು ಇವುಗಳಿಗಿಂತ ತುಂಬಾ ಚಿಕ್ಕದು. ಆದರೂ ಬಳಸುವ ಜನ ಇದ್ದಾರೆ.

ಅವರಲ್ಲಿ ಒಬ್ಬಳು ಮಂಡ್ಯದ ಒಂದು ಕಾಲೇಜಿನ ವಿದ್ಯಾರ್ಥಿನಿ. ಅವಳು ಬರೆದದ್ದು ಇಷ್ಟೆ: ಲ್ಯಾಬಿನ ವಿಂಡೋಸ್ ಯಂತ್ರದಲ್ಲಿ ಮೂರು ಸಲ ಓಡಿಸಿದರೆ ಒಂದು ಸಲ ಇನ್‌ಸ್ಟಾಲ್ ಆಗುತ್ತದೆ. ಇನ್ನೆರಡು ಸಲ "ಪರ್ಮಿಷನ್ ಇಲ್ಲ" ಅಂತ ನಿಲ್ಲುತ್ತದೆ. ಪ್ರತಿ ಸಲವೂ ಬೇರೆ ಬೇರೆ ಲೈಬ್ರರಿಯ ಹತ್ತಿರ.

ನಾನು ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಓಡಿಸಿ ನೋಡಿದೆ. ಸರಿ ಇತ್ತು. ನಮ್ಮ ಟೆಸ್ಟ್‌ಗಳು ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ತಾವಾಗಿ ಓಡುತ್ತವೆ. ಮೂರಕ್ಕೂ ಹಸಿರು ಟಿಕ್ ಇತ್ತು. "ನಮ್ಮಲ್ಲಿ ಸರಿಯಾಗಿ ಓಡುತ್ತಿದೆ, ಇನ್ನೊಮ್ಮೆ ನೋಡಿ" ಅಂತ ಬರೆದು ಕಳಿಸಿದೆ. ಕಳಿಸಿದ ಮೇಲೆ ಆ ಸಾಲನ್ನು ಮತ್ತೆ ಓದಿದೆ. "ನೀರು ಬಿಟ್ಟಾಗದೆ" ಅನ್ನುವುದಕ್ಕೂ ಇದಕ್ಕೂ ಏನು ವ್ಯತ್ಯಾಸ? ಎದೆಗೆ ಚುಚ್ಚಿದ ಹಾಗಾಯ್ತು.

ಶನಿವಾರ ಬೆಳಿಗ್ಗೆ ಮೆಮು ರೈಲು ಹತ್ತಿದೆ. ನಾಗನಹಳ್ಳಿ, ಶ್ರೀರಂಗಪಟ್ಟಣದ ಸೇತುವೆ, ಪಾಂಡವಪುರ, ಆಮೇಲೆ ಎರಡೂ ಕಡೆ ಕಬ್ಬು. ಮಂಡ್ಯ ದೂರವೇನಲ್ಲ. ಬೇಕೆಂದರೆ ಅಲ್ಲಿಗೆ ಒಂದು ಗಂಟೆಯೊಳಗೆ ಹೋಗಿ ಯಂತ್ರದ ಮುಂದೆ ಕೂರಬಹುದಿತ್ತು. ಎರಡು ವರ್ಷದಿಂದ "ವಿಂಡೋಸ್ ಬೆಂಬಲ ಇದೆ" ಅಂತ ಬರೆದುಕೊಂಡಿದ್ದ ನಾನು ಒಂದು ಸಲವೂ ಕೂತಿರಲಿಲ್ಲ.

ಲ್ಯಾಬಿನಲ್ಲಿ ನಲವತ್ತು ಯಂತ್ರ. ಹಳೆಯವು, ತಿರುಗುವ ಹಾರ್ಡ್ ಡಿಸ್ಕ್. ಅವಳು ಕಮಾಂಡ್ ಕೊಟ್ಟಳು. ಸಾಲುಗಳು ಒಂದೊಂದೇ ಮೇಲೆ ಹೋದವು. ಎಪ್ಪತ್ತೊಂದನೇ ಲೈಬ್ರರಿಗೆ ನಿಂತಿತು. ಮತ್ತೆ ಓಡಿಸಿದಳು. ಈ ಸಲ ಇನ್ನೂರರ ಹತ್ತಿರ ಹೋಗಿ ನಿಂತಿತು. ನನ್ನ ಮನೆಯಲ್ಲಿ ಇದೇ ಕೆಲಸ ಹನ್ನೆರಡು ಸೆಕೆಂಡಿಗೆ ಮುಗಿಯುತ್ತದೆ. ಇಲ್ಲಿ ಆರು ನಿಮಿಷ ಕಾದು ಸೋಲಬೇಕು. ಅವಳು ಬೇಸರವನ್ನೂ ತೋರಿಸಲಿಲ್ಲ. ಅಭ್ಯಾಸ ಆಗಿಹೋಗಿತ್ತು. ಅದೇ ನನಗೆ ಜಾಸ್ತಿ ಕಷ್ಟವಾಯ್ತು.

ವಿಂಡೋಸ್‌ನಲ್ಲಿ ಪ್ರಾಸೆಸ್ ಮಾನಿಟರ್ ಅಂತ ಒಂದು ಉಪಕರಣ ಇದೆ. ಯಾವ ಪ್ರೋಗ್ರಾಂ ಯಾವ ಫೈಲನ್ನು ಯಾವ ಕ್ಷಣಕ್ಕೆ ಮುಟ್ಟಿತು ಅಂತ ಸಾಲುಸಾಲಾಗಿ ತೋರಿಸುತ್ತದೆ. ಲ್ಯಾಬ್ ನೋಡಿಕೊಳ್ಳುವವರು ಅನುಮತಿ ಕೊಟ್ಟರು. ಓಡಿಸಿ, ಸೋಲಲಿ ಅಂತ ಕಾದು, ಆಮೇಲೆ ಸೋತ ಕ್ಷಣದ ಹಿಂದುಮುಂದಿನ ಸಾಲುಗಳನ್ನು ಒಂದೊಂದಾಗಿ ಓದಿದೆವು.

ನಮ್ಮ ಮ್ಯಾನೇಜರ್ ಒಂದು ಲೈಬ್ರರಿಯನ್ನು ಮೊದಲು ತಾತ್ಕಾಲಿಕ ಫೋಲ್ಡರ್‌ನಲ್ಲಿ ಬಿಚ್ಚುತ್ತದೆ. ಪೂರ್ತಿ ಬಿಚ್ಚಿದ ಮೇಲೆ ಆ ಫೋಲ್ಡರ್‌ಗೆ ನಿಜವಾದ ಹೆಸರು ಕೊಡುತ್ತದೆ. ಹೀಗೆ ಮಾಡಲು ಕಾರಣ ಇದೆ. ನಡುವೆ ಕರೆಂಟ್ ಹೋದರೆ ಅರ್ಧಂಬರ್ಧ ಲೈಬ್ರರಿ ಉಳಿಯಬಾರದು. ಹೆಸರು ಬದಲಾಯಿಸುವುದು ಒಂದೇ ಏಟಿನ ಕೆಲಸ. ಆಗುತ್ತದೆ, ಇಲ್ಲ ಆಗುವುದಿಲ್ಲ. ಪರದೆಯ ಮೇಲೆ ಕಂಡದ್ದು ಹೀಗೆ: ನಾವು ಕೊನೆಯ ಫೈಲ್ ಬರೆದು ಮುಚ್ಚಿದೆವು. ಕೂಡಲೇ ಆಂಟಿವೈರಸ್ ಬಂದು ಆ ಹೊಸ ಫೈಲನ್ನು ಪರೀಕ್ಷೆಗೆ ತೆರೆಯಿತು. ಅದರ ಬೆನ್ನಿಗೇ ನಾವು ಫೋಲ್ಡರ್ ಹೆಸರು ಬದಲಾಯಿಸಲು ಕೇಳಿದೆವು. ವಿಂಡೋಸ್ "ಆಕ್ಸೆಸ್ ಡಿನೈಡ್" ಅಂದಿತು. ಮುಂದಿನ ಸಾಲಿನಲ್ಲೇ ಆಂಟಿವೈರಸ್ ತನ್ನ ಕೆಲಸ ಮುಗಿಸಿ ಫೈಲ್ ಮುಚ್ಚಿತ್ತು. ಒಂದು ಉಸಿರಿನಷ್ಟು ಕಾದಿದ್ದರೆ ಸಾಕಿತ್ತು.

ಲಿನಕ್ಸ್‌ನಲ್ಲಿ ಈ ತೊಂದರೆ ಬರುವುದೇ ಇಲ್ಲ. ಅಲ್ಲಿ ಹೆಸರು ಬೇರೆ, ಫೈಲ್ ಬೇರೆ. ಮನೆಯೊಳಗೆ ಜನ ಕೂತಿರುವಾಗಲೇ ಬಾಗಿಲ ಮೇಲಿನ ಬೋರ್ಡ್ ಬದಲಾಯಿಸಬಹುದು. ಒಳಗಿದ್ದವರಿಗೆ ಗೊತ್ತೂ ಆಗುವುದಿಲ್ಲ. ವಿಂಡೋಸ್‌ನಲ್ಲಿ ಒಳಗೆ ಒಬ್ಬರಿದ್ದರೂ ಬೋರ್ಡ್ ಮುಟ್ಟುವ ಹಾಗಿಲ್ಲ. ಎರಡೂ ಯೋಚನೆ ಮಾಡಿ ಮಾಡಿದ ಏರ್ಪಾಡುಗಳೇ. ನಾವು ಒಂದನ್ನು ಮಾತ್ರ ಮನಸ್ಸಲ್ಲಿ ಇಟ್ಟುಕೊಂಡು ಬರೆದಿದ್ದೆವು.

ಇಂಥ ದೂರಿಗೆ ಸುಲಭದ ಉತ್ತರ ಒಂದಿದೆ. "ಆಂಟಿವೈರಸ್ ಆಫ್ ಮಾಡಿ, ಇಲ್ಲ ಅಡ್ಮಿನ್ ಆಗಿ ಓಡಿಸಿ." ಇದನ್ನು ಓದಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಲ್ಯಾಬಿನ ಯಂತ್ರದಲ್ಲಿ ಆ ಹುಡುಗಿಗೆ ಅಡ್ಮಿನ್ ಹಕ್ಕು ಎಲ್ಲಿಂದ ಬರಬೇಕು? ನಮ್ಮ ತಪ್ಪಿಗೆ ಅವಳು ಯಾಕೆ ಮನೆ ಬಾಗಿಲು ತೆರೆದಿಟ್ಟುಕೊಂಡು ಮಲಗಬೇಕು?

ಸರಿ ಮಾಡಿದ್ದು ಹೀಗೆ. ಹೆಸರು ಬದಲಾಯಿಸುವುದು ಸೋತರೆ ಹತ್ತು ಮಿಲಿಸೆಕೆಂಡ್ ಕಾದು ಮತ್ತೆ ಕೇಳುವುದು. ಆಮೇಲೆ ಇಪ್ಪತ್ತು, ನಲವತ್ತು, ಎಂಬತ್ತು. ಕೆಲವು ಸೆಕೆಂಡಿನ ತನಕ ಹೀಗೇ. ಆಗಲೂ ಆಗದಿದ್ದರೆ "ಬೇರೆ ಪ್ರೋಗ್ರಾಂ ಒಂದು ಈ ಫೋಲ್ಡರನ್ನು ಹಿಡಿದುಕೊಂಡಿದೆ" ಅಂತ ನೇರವಾಗಿ ಹೇಳುವುದು. ಇದು ನಾನು ಕಂಡುಹಿಡಿದದ್ದಲ್ಲ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಲೋಕದಲ್ಲಿ ಗ್ರೇಸ್‌ಫುಲ್-ಎಫ್‌ಎಸ್ ಅನ್ನುವ ಲೈಬ್ರರಿ ವಿಂಡೋಸ್‌ಗಾಗಿ ಇದನ್ನೇ ಮಾಡಿಕೊಂಡು ಬಂದಿದೆ. ಒಟ್ಟು ಮೂವತ್ತು ಸಾಲು ಕೋಡ್. ಲ್ಯಾಬಿನಲ್ಲೇ ಬರೆದು, ಅಲ್ಲೇ ಓಡಿಸಿದೆವು. ಮುಗಿಯಲು ಆರು ನಿಮಿಷವೇ ಬೇಕಾಯ್ತು. ಆದರೆ ಮುಗಿಯಿತು.

ಅವಳು ಹತ್ತು ಸಲ ಓಡಿಸಿದಳು. ಹತ್ತೂ ಸಲ ಆಯ್ತು. ಆಮೇಲೆ ಮೆಲ್ಲಗೆ ಕೇಳಿದಳು, "ಸಾರ್, ಇನ್ನೊಂದು ಇದೆ. ತೋರಿಸ್ಲಾ?"

ಆ ಇನ್ನೊಂದು ನನ್ನ ನಿದ್ದೆ ಕೆಡಿಸಿದ ಬಗ್.

ಅವಳೂ ಅವಳ ಗೆಳತಿಯೂ ಸೇರಿ ಕನ್ನಡ ಪದಗಳ ಒಂದು ಆಪ್ ಮಾಡುತ್ತಿದ್ದರು. ಅದರೊಳಗೆ ತಾವೇ ಬರೆದ ಒಂದು ಚಿಕ್ಕ ಲೈಬ್ರರಿ. ಅದರ ಫೋಲ್ಡರ್ ಹೆಸರು ಕನ್ನಡದಲ್ಲೇ, "ಪದಕೋಶ". ಗೆಳತಿಯ ಹತ್ತಿರ ಅವಳ ಅಣ್ಣನ ಹಳೆಯ ಮ್ಯಾಕ್ ಇತ್ತು. ಅದರಲ್ಲಿ ಎಲ್ಲ ಓಡುತ್ತಿತ್ತು. ಜಿಪ್ ಮಾಡಿ ಲ್ಯಾಬಿಗೆ ತಂದರೆ ನಮ್ಮ ಮ್ಯಾನೇಜರ್ "ಪದಕೋಶ ಸಿಗಲಿಲ್ಲ" ಅನ್ನುತ್ತಿತ್ತು. ಫೋಲ್ಡರ್ ಕಣ್ಣೆದುರೇ ಇದೆ. ಸೆಟ್ಟಿಂಗ್ಸ್ ಫೈಲಿನಲ್ಲೂ ಅದೇ ಹೆಸರು ಇದೆ. ಅಕ್ಷರ ಅಕ್ಷರ ಇಟ್ಟು ನೋಡಿದರೂ ಒಂದೇ.

ಎರಡು ಹೆಸರುಗಳ ಬೈಟ್ ಎಣಿಸಿದೆ. ಸೆಟ್ಟಿಂಗ್ಸ್‌ನಲ್ಲಿದ್ದ "ಪದಕೋಶ" ಹದಿನೈದು ಬೈಟ್. ಡಿಸ್ಕಿನ ಮೇಲಿದ್ದ "ಪದಕೋಶ" ಇಪ್ಪತ್ತೊಂದು ಬೈಟ್.

ವಿಷಯ ಇದ್ದದ್ದು ಓಕಾರದಲ್ಲಿ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ "ಕೋ" ಬರೆಯಲು ಒಂದಕ್ಕಿಂತ ಹೆಚ್ಚು ದಾರಿ ಇವೆ. ಕ ಅಕ್ಷರಕ್ಕೆ ಓತ್ವ ಅನ್ನುವ ಒಂದೇ ಗುರುತು ಸೇರಿಸಬಹುದು. ಇಲ್ಲವೇ ಆ ಓತ್ವವನ್ನು ಬಿಡಿಸಿ ಎತ್ವ, ಕೊಂಬಿನ ದೀರ್ಘ, ಕೊನೆಗೆ ಒಂದು ದೀರ್ಘದ ಗುರುತು ಅಂತ ಮೂರು ತುಂಡಾಗಿ ಇಡಬಹುದು. ಸ್ಲೇಟಿನ ಮೇಲೆ ಕಾಗುಣಿತ ತಿದ್ದುವಾಗ ನಮ್ಮ ಕೈ ಹೋಗುವುದೂ ಇದೇ ಕ್ರಮದಲ್ಲಿ ತಾನೆ? ಮೊದಲು ಎತ್ವ, ಆಮೇಲೆ ಕೊಂಬು, ಕೊನೆಗೆ ದೀರ್ಘ ಎಳೆಯುವುದು. ಎರಡೂ ಒಂದೇ ಅಂತ ಯೂನಿಕೋಡ್ ನಿಯಮವೇ ಹೇಳುತ್ತದೆ. ಪರದೆಯ ಮೇಲೂ ಒಂದೇ ಥರ ಕಾಣುತ್ತವೆ. ಆದರೆ ಒಂದರಲ್ಲಿ ಐದು ಸಂಕೇತ, ಇನ್ನೊಂದರಲ್ಲಿ ಏಳು. ಒಂದೊಂದಕ್ಕೆ ಮೂರು ಬೈಟ್.

ಕೀಬೋರ್ಡಿನಲ್ಲಿ ಟೈಪ್ ಮಾಡಿದರೆ ಸಾಮಾನ್ಯವಾಗಿ ಸೇರಿಸಿದ ರೂಪ ಬರುತ್ತದೆ. ಮ್ಯಾಕ್‌ಗಳ ಹಳೆಯ ಫೈಲ್ ವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್ ಮಾತ್ರ ಎಲ್ಲ ಹೆಸರುಗಳನ್ನೂ ಬಿಡಿಸಿದ ರೂಪದಲ್ಲೇ ಬರೆದಿಡುತ್ತಿತ್ತು. ನೀವು ಸೇರಿಸಿದ ರೂಪದಲ್ಲಿ ಕೇಳಿದರೂ ಹುಡುಕಿ ಕೊಡುತ್ತಿತ್ತು. ಅದಕ್ಕೇ ಗೆಳತಿಯ ಮನೆಯಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. 2017ರಲ್ಲಿ ಆಪಲ್ ಇದರ ಜಾಗಕ್ಕೆ ಎಪಿಎಫ್‌ಎಸ್ ತಂದಿತು. ಹಳೆಯ ಡಿಸ್ಕ್‌ಗಳು, ಅವುಗಳಿಂದ ಬಂದ ಜಿಪ್‌ಗಳು ಇನ್ನೂ ಓಡಾಡುತ್ತಿವೆ. ವಿಂಡೋಸ್, ಲಿನಕ್ಸ್ ಎರಡೂ ಹೆಸರನ್ನು ಬಂದ ಹಾಗೇ ಇಡುತ್ತವೆ. ಅವುಗಳ ಲೆಕ್ಕದಲ್ಲಿ ಹದಿನೈದು ಬೈಟಿನ ಪದಕೋಶ ಬೇರೆ, ಇಪ್ಪತ್ತೊಂದು ಬೈಟಿನ ಪದಕೋಶ ಬೇರೆ.

ಇಂಗ್ಲಿಷ್ ಹೆಸರು ಮಾತ್ರ ಇಟ್ಟರೆ ಈ ಬಗ್ ಎಂದೂ ಬರುವುದಿಲ್ಲ. "ಹಾಗಾದರೆ ಇಂಗ್ಲಿಷಲ್ಲೇ ಇಡಲಿ ಬಿಡಿ" ಅಂತ ಒಬ್ಬ ಸ್ನೇಹಿತರು ಅಂದರು. ನಾನು ಒಪ್ಪಲಿಲ್ಲ. ಇಬ್ಬರು ಹುಡುಗಿಯರು ಕನ್ನಡ ಪದಗಳ ಆಪ್ ಮಾಡುತ್ತಾ ಅದಕ್ಕೆ ಕನ್ನಡದ ಹೆಸರಿಟ್ಟಿದ್ದಾರೆ. ಅದರಲ್ಲಿ ತಪ್ಪೇನಿದೆ? ಅವರು ತಮ್ಮ ಭಾಷೆಯ ಹೆಸರನ್ನು ಸರಿಯಾಗಿಯೇ ಬರೆದಿದ್ದಾರೆ. ಓದಲು ಬಾರದಿದ್ದದ್ದು ನಮ್ಮ ಪ್ರೋಗ್ರಾಂಗೆ.

ಸರಿ ಮಾಡುವುದರಲ್ಲೂ ಒಂದು ಸಲ ಎಡವಿದೆ. ಮೊದಲು ಎಲ್ಲ ಹೆಸರುಗಳನ್ನೂ ಸೇರಿಸಿದ ರೂಪಕ್ಕೆ ತಂದುಬಿಡೋಣ ಅಂದುಕೊಂಡೆ. ಹಾಗೆ ಮಾಡಿದರೆ ಡಿಸ್ಕಿನ ಮೇಲಿರುವ ನಿಜವಾದ ಫೋಲ್ಡರ್ ತೆರೆಯಲು ಹೋದಾಗ ಮತ್ತೆ "ಸಿಗಲಿಲ್ಲ" ಅನ್ನುತ್ತದೆ. ಬಳಸುವವರ ಫೋಲ್ಡರ್ ಹೆಸರನ್ನು ನಾವೇ ಬದಲಾಯಿಸುವುದು ಇನ್ನೂ ದೊಡ್ಡ ತಪ್ಪು. ಕೊನೆಗೆ ಇಷ್ಟು ಮಾಡಿದೆ: ಎರಡು ಹೆಸರು ಒಂದೇ ಹೌದೋ ಅಲ್ಲವೋ ಅಂತ ಹೋಲಿಸುವಾಗ ಮಾತ್ರ ಎರಡನ್ನೂ ಒಂದೇ ರೂಪಕ್ಕೆ ತರುವುದು. ತೆರೆಯುವಾಗ ಡಿಸ್ಕ್ ಕೊಟ್ಟ ಹೆಸರನ್ನೇ ಹಾಗೇ ಬಳಸುವುದು.

ಉಳಿದ ಪ್ಲಾಟ್‌ಫಾರ್ಮ್ ಬಗ್‌ಗಳೂ ಸಾಕಷ್ಟಿವೆ. ಹೆಚ್ಚಿನವು ತೀರಾ ಹಳೆಯ ಕಾಲದಲ್ಲಿ ಯಾರೋ ಮಾಡಿದ ಒಂದು ತೀರ್ಮಾನದಿಂದ ಇಳಿದುಬಂದವು. ವಿಂಡೋಸ್ ಪಾಥ್‌ಗಳಲ್ಲಿ, ಅಂದರೆ ಫೈಲಿನ ವಿಳಾಸಗಳಲ್ಲಿ, ಫೋಲ್ಡರ್ ಹೆಸರುಗಳ ನಡುವಿನ ಗೆರೆ ಉಲ್ಟಾ (\) ಯಾಕಿದೆ? ವಿಂಡೋಸ್‌ಗೂ ಮೊದಲಿನ ಎಂಎಸ್-ಡಾಸ್ ಅನ್ನುವ ವ್ಯವಸ್ಥೆಯ 1983ರ 2.0 ಆವೃತ್ತಿಯಲ್ಲಿ ಫೋಲ್ಡರ್‌ಗಳು ಬಂದಾಗ, ನೇರ ಗೆರೆಯನ್ನು (/) ಕಮಾಂಡ್‌ಗಳ ಆಯ್ಕೆಗಳಿಗೆ ಆಗಲೇ ಬಳಸಿಬಿಟ್ಟಿದ್ದರು. ಸಾಲಿನ ಕೊನೆಗೆ ವಿಂಡೋಸ್ ಎರಡು ಸಂಕೇತ ಇಡುತ್ತದೆ, ಲಿನಕ್ಸ್ ಒಂದೇ. ಆ ಒಂದು ಹೆಚ್ಚಿನ ಸಂಕೇತ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಉಳಿದುಬಿಟ್ಟರೆ ಲಿನಕ್ಸ್ "ಇಂಥ ಪ್ರೋಗ್ರಾಂ ಇಲ್ಲ" ಅನ್ನುತ್ತದೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಕಾನ್, ಆಕ್ಸ್, ನಲ್ ಅನ್ನುವ ಹೆಸರುಗಳು ಡಾಸ್ ಕಾಲದಿಂದ ಸಾಧನಗಳಿಗೆ ಮೀಸಲು. ಒಮ್ಮೆ ರಸ್ಟ್ ಭಾಷೆಯ ಪ್ಯಾಕೇಜ್ ಕಣಜಕ್ಕೆ ಒಬ್ಬರು "ನಲ್" ಹೆಸರಿನ ಪ್ಯಾಕೇಜ್ ಸೇರಿಸಿದರು. ಆ ಕಣಜದ ಪಟ್ಟಿಯಲ್ಲಿ ಪ್ರತಿ ಪ್ಯಾಕೇಜಿಗೂ ಅದರ ಹೆಸರಿನದೇ ಒಂದು ಫೈಲ್. ವಿಂಡೋಸ್‌ನಲ್ಲಿ ಆ ಪಟ್ಟಿಯನ್ನು ಇಳಿಸಿಕೊಳ್ಳಲು ಆಗದೆ ಕಾರ್ಗೋ ನಿಂತುಹೋಯಿತು.

ಪಾಥ್ ಉದ್ದದ ಕಥೆ ಲ್ಯಾಬಿನಲ್ಲೂ ಎದುರಾಯಿತು. ವಿಂಡೋಸ್‌ನಲ್ಲಿ ಒಂದು ಪಾಥ್ 260 ಅಕ್ಷರ ದಾಟಬಾರದು ಅನ್ನುವ ಹಳೆಯ ಮಿತಿ ಇದೆ. 2016ರ ವಿಂಡೋಸ್ 10 ಅಪ್‌ಡೇಟ್‌ನಿಂದ ಅದನ್ನು ಸಡಿಲಿಸುವ ಸೆಟ್ಟಿಂಗ್ ಬಂತು. ಆದರೆ ಯಾರಾದರೂ ಹೋಗಿ ಆನ್ ಮಾಡಬೇಕು. ಎನ್‌ಪಿಎಂ ಮೊದಲು ಲೈಬ್ರರಿಯೊಳಗೆ ಲೈಬ್ರರಿ, ಅದರೊಳಗೆ ಇನ್ನೊಂದು ಅಂತ ಇಡುತ್ತಿತ್ತು. ವಿಂಡೋಸ್‌ನಲ್ಲಿ ಆ ಫೋಲ್ಡರನ್ನು ಅಳಿಸುವುದಕ್ಕೂ ಆಗದೆ ಜನ ಒದ್ದಾಡಿದ್ದಾರೆ. 2015ರಲ್ಲಿ ಬಂದ ಮೂರನೇ ಆವೃತ್ತಿ ಆದಷ್ಟೂ ಎಲ್ಲವನ್ನೂ ಒಂದೇ ಮಟ್ಟದಲ್ಲಿ ಹರಡಿ ಇಡಲು ಶುರುಮಾಡಿತು. ನಮ್ಮದು ಹುಟ್ಟಿದ್ದು ಅದಕ್ಕಿಂತ ಎಷ್ಟೋ ತಡವಾಗಿ. ಹಾಗಾಗಿ ಈ ಪಾಠ ನಮಗೆ ಪುಕ್ಕಟೆ ಸಿಕ್ಕಿತು.

ಪುಕ್ಕಟೆ ಸಿಗದ ಪಾಠ ಲಾಕ್‌ಫೈಲಿನದು. ನನ್ನ ಮನಸ್ಸು ಈಗಲೂ ಅಲ್ಲೇ ಇದೆ.

ಲಾಕ್‌ಫೈಲ್ ಅಂದರೆ ಮಾತು ಕೊಟ್ಟ ಹಾಗೆ. ಇವತ್ತು ಯಾವ ಯಾವ ಲೈಬ್ರರಿ, ಯಾವ ಆವೃತ್ತಿ ಬಂತು ಅಂತ ಬರೆದಿಟ್ಟರೆ, ನಾಳೆ ಇನ್ನೊಬ್ಬರ ಯಂತ್ರದಲ್ಲೂ ಅವೇ ಬರಬೇಕು. ಆದರೆ ಕೆಲವು ಲೈಬ್ರರಿಗಳು ಯಂತ್ರಕ್ಕೆ ತಕ್ಕ ಹಾಗೆ ಬೇರೆ ಬೇರೆ ತುಂಡುಗಳಾಗಿ ಬರುತ್ತವೆ. ಇಂಟೆಲ್ ವಿಂಡೋಸ್‌ಗೆ ಒಂದು, ಎಂ ಸರಣಿಯ ಚಿಪ್ಪಿನ ಮ್ಯಾಕ್‌ಗೆ ಒಂದು, ಲಿನಕ್ಸ್‌ಗೆ ಇನ್ನೊಂದು. ಆಪ್ ತಂಡಕ್ಕೆ ಆಮೇಲೆ ಹೊಸ ಮ್ಯಾಕ್ ಇದ್ದ ಮೂರನೆಯವಳು ಸೇರಿಕೊಂಡಳು. ಅವಳು ಒಂದು ಲೈಬ್ರರಿ ಸೇರಿಸಿ ಲಾಕ್‌ಫೈಲ್ ಕಳಿಸಿದಳು. ನಮ್ಮ ಮ್ಯಾನೇಜರ್ ಅವಳ ಯಂತ್ರಕ್ಕೆ ಬೇಕಾದ ತುಂಡನ್ನು ಮಾತ್ರ ಬರೆದುಕೊಂಡಿತ್ತು. ಲ್ಯಾಬಿನಲ್ಲಿ ಮತ್ತೆ ನಿಂತಿತು.

ಇದು ನಮ್ಮೊಬ್ಬರ ತೊಂದರೆ ಅಲ್ಲ. ಎನ್‌ಪಿಎಂನಲ್ಲೂ ಇಂಥದೇ ಬಗ್ ಪ್ರಸಿದ್ಧ. ರೋಲಪ್ ಅನ್ನುವ ಉಪಕರಣ ತನ್ನ ತುಂಡು ಸಿಗದಿದ್ದಾಗ ತೋರಿಸುವ ಸಂದೇಶದಲ್ಲೇ ಲಾಕ್‌ಫೈಲನ್ನೂ ಇಳಿಸಿಕೊಂಡ ಲೈಬ್ರರಿಗಳನ್ನೂ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿ ಅಂತ ಹೇಳುತ್ತದೆ. ಪಾಪ, ಅವರಿಗೆ ಬೇರೆ ದಾರಿ ಇಲ್ಲ. ಆದರೆ ಲಾಕ್‌ಫೈಲ್ ಅಳಿಸಿ ಅಂದರೆ ಕೊಟ್ಟ ಮಾತು ಮರೆತುಬಿಡಿ ಅಂದ ಹಾಗೆ. ಬಂಡ್ಲರ್ ತನ್ನ ಲಾಕ್‌ಫೈಲಿನಲ್ಲಿ ಯಾವ ಯಾವ ಪ್ಲಾಟ್‌ಫಾರ್ಮ್‌ಗಳು ಅಂತ ಪ್ರತ್ಯೇಕ ಪಟ್ಟಿ ಇಟ್ಟುಕೊಳ್ಳುತ್ತದೆ. ನನಗೆ ಆ ದಾರಿ ಸರಿ ಅನಿಸುತ್ತದೆ. ಯಾರ ಯಂತ್ರದಲ್ಲಿ ಬರೆದರೂ ಎಲ್ಲರ ಯಂತ್ರಕ್ಕೆ ಬೇಕಾದದ್ದನ್ನೂ ಅದರಲ್ಲಿ ಬರೆಯಬೇಕು.

ನಮ್ಮ ತಂಡದಲ್ಲಿ ಇದಕ್ಕೆ ಒಪ್ಪಿಗೆ ಇನ್ನೂ ಸಿಕ್ಕಿಲ್ಲ. ಫೈಲ್ ದೊಡ್ಡದಾಗುತ್ತದೆ, ಲೆಕ್ಕ ಹಾಕಲು ಜಾಸ್ತಿ ಹೊತ್ತು ಬೇಕು ಅನ್ನುತ್ತಾರೆ. ಎರಡೂ ನಿಜ. "ನಮ್ಮಲ್ಲಿ ಕೋಡ್ ಬರೆಯುವವರಲ್ಲಿ ವಿಂಡೋಸ್ ಬಳಸುವವರೇ ಇಲ್ಲವಲ್ಲ" ಅಂತಲೂ ಒಬ್ಬರು ಬರೆದರು. ಆ ಮಾತಿಗೆ ನಾನು ಉದ್ದದ ಉತ್ತರ ಕೊಟ್ಟೆ. ಕೋಡ್ ಬರೆಯುವವರ ಪಟ್ಟಿಯೇ ಬೇರೆ, ಬಳಸುವವರ ಪಟ್ಟಿಯೇ ಬೇರೆ. ಬಳಸಲು ಆಗದೆ ಬಿಟ್ಟುಹೋದವರು ಯಾವ ಪಟ್ಟಿಯಲ್ಲೂ ಇಲ್ಲ. ನಮ್ಮ ತಾತನಂಥವರು ನೀರಿನ ಸಭೆಗಳಿಗೆ ಹೋಗುತ್ತಿರಲಿಲ್ಲ. ಹೋಗಿ ಬರುವಷ್ಟರಲ್ಲಿ ಒಂದು ದಿನದ ಕೂಲಿ ಹೋಗುತ್ತಿತ್ತು. ಸಭೆಯಲ್ಲಿ ಕಾಣಲಿಲ್ಲ ಅಂತ ಅವರಿಗೆ ಗದ್ದೆ ಇರಲಿಲ್ಲ ಅನ್ನಲಾಗುತ್ತದೆಯೇ?

ಪದಕೋಶದ ತಿದ್ದುಪಡಿ ಮಾತ್ರ ಬೇಗ ಒಪ್ಪಿಗೆಯಾಯಿತು. ಟೆಸ್ಟ್‌ನಲ್ಲಿ ಆ ಹೆಸರನ್ನೇ ಹಾಕಿದ್ದೇನೆ, ಎರಡೂ ರೂಪದಲ್ಲಿ. ಕೋಡ್ ನೋಡಿದವರು ದೂರದ ದೇಶದವರು. ಈ ಪದ ಏನು, ಹೇಗೆ ಹೇಳುವುದು ಅಂತ ಕೇಳಿದರು. ಅರ್ಥ ಬರೆದು, ಬಿಡಿಸಿ ಹೇಳಿದೆ. ಮುಂದಿನ ವಾರ ಕೊರಿಯಾದ ಒಬ್ಬರು ಅದೇ ಟೆಸ್ಟಿಗೆ ತಮ್ಮ ಭಾಷೆಯ ಒಂದು ಹೆಸರು ಸೇರಿಸಿದರು. ಅವರ ಅಕ್ಷರಗಳೂ ಹಾಗೇ ತುಂಡಾಗುತ್ತವೆ. ಈಗ ಪ್ರತಿ ಸಲ ಟೆಸ್ಟ್ ಓಡಿದಾಗ ಲಿನಕ್ಸ್, ಮ್ಯಾಕ್, ವಿಂಡೋಸ್ ಮೂರರಲ್ಲೂ ಪದಕೋಶ ಅನ್ನುವ ಫೋಲ್ಡರ್ ಹುಟ್ಟಿ ಅಳಿಯುತ್ತದೆ.

ಲಾಕ್‌ಫೈಲಿನ ಹೊಸ ಕೋಡ್ ಅರ್ಧಕ್ಕೂ ಜಾಸ್ತಿ ಬರೆದಾಗಿದೆ. ಈ ಶನಿವಾರ ಬೆಳಗಿನ ಮೆಮುಗೆ ಹೊರಡುತ್ತೇನೆ. ಆ ಲ್ಯಾಬಿನಲ್ಲಿ ಕಿಟಕಿ ಪಕ್ಕ, ಕೊನೆ ಸಾಲಿನಲ್ಲಿ ಒಂದು ಯಂತ್ರ ಇದೆ. ಎಲ್ಲಕ್ಕಿಂತ ನಿಧಾನ ಅಂತ ಅದರ ಮುಂದೆ ಯಾರೂ ಕೂರುವುದಿಲ್ಲ. ಮೊದಲು ಅದರಲ್ಲಿ ಓಡಿಸಬೇಕು.